ಹಿಸುಕಿ ಎಸೆಯಬೇಕು

ಇವತ್ತು ಬೆಳಿಗ್ಗೆ ಕಾಡುಗೋಡಿ ಮಾರ್ಕೆಟ್ಟಿನಲ್ಲಿ ನನ್ನ ಚಪ್ಪಲಿಯಡಿ ಒಂದು ಟೊಮೆಟೊ ಪಚಕ್ಕೆಂದು ಒಡೆಯಿತು. ತಳ್ಳುಗಾಡಿಯಿಂದ ಉರುಳಿ ಬಿದ್ದು, ಮಾಗಿ ಮೆತ್ತಗಾಗಿದ್ದ ಹಣ್ಣು. ರಸ ಕಾಲ್ಬೆರಳ ಸಂದಿಗೆ ನುಗ್ಗಿತು, ಬೀಜಗಳು ಸೀರೆಯ ಅಂಚಿಗೆ ಹತ್ತಿಕೊಂಡವು. ಬಿಸಿಲಿಗೆ ಕಾದ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಡುಬೀದಿಯಲ್ಲಿ ನಿಂತು ನಗತೊಡಗಿದೆ. "ಅಕ್ಕ, ಜಾರಿದ್ರಾ?" ಎಂದು ಗಾಬರಿಯಿಂದ ಕೇಳಿದ ಗಾಡಿಯವನು ನನ್ನ ನಗು ನಿಲ್ಲದ್ದನ್ನು ಕಂಡು ತಕ್ಕಡಿಯ ಹಿಂದಕ್ಕೆ ಸರಿದ. ಅವನ ತಪ್ಪಲ್ಲ ಬಿಡಿ. ಐವತ್ತರ ಹತ್ತಿರದ ಹೆಂಗಸೊಬ್ಬಳು ಕಾಲಿಗೆ ಮೆತ್ತಿದ ಟೊಮೆಟೊ ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕರೆ ಯಾರಾದರೂ ಸರಿಯಬೇಕಾದದ್ದೇ. ಅವನಿಗೆ ವಿವರಿಸಲು ಹೊತ್ತಿರಲಿಲ್ಲ. ನಿಮಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಸ್ಪೇನ್ ದೇಶಕ್ಕೆ ಹೋಗಿ, ಗುರುತು ಪರಿಚಯವಿಲ್ಲದ ಜನರಿಗೆ ಟೊಮೆಟೊದಲ್ಲಿ ಹೊಡೆದು ಬರುವುದೆಂದು ತೀರ್ಮಾನಿಸಿದ್ದೆ. ಅಲ್ಲಿಯ ಒಂದು ಸಣ್ಣ ಊರಿನಲ್ಲಿ ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳ ಕೊನೆಯಲ್ಲಿ, ಲಾರಿಗಟ್ಟಲೆ ಹಣ್ಣು ಟೊಮೆಟೊ ತಂದು ಕಿರಿದಾದ ಬೀದಿಯೊಂದರಲ್ಲಿ ಸುರಿಯುತ್ತಾರೆ. ಒಂದು ಢಂ ಎನ್ನುವ ಸದ್ದಾಗುತ್ತದೆ. ದೇಶವಿದೇಶದಿಂದ ಬಂದ ಜನ ಒಂದು ಗಂಟೆ ಹೊತ್ತು ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಮತ್ತೊಂದು ಢಂ ಆದರೆ ಎಲ್ಲರೂ ಕೈ ಇಳಿಸಬೇಕು. ಆಮೇಲೆ ಪೈಪು ಹಿಡಿದು ಬೀದಿಯನ್ನೂ ಜನರನ್ನೂ ತೊಳೆಯುತ್ತಾರೆ. ಇಷ್ಟೇ ಹಬ್ಬ. ದೇವರಿಲ್ಲ, ಪೂಜೆಯಿಲ್ಲ, ಹೋಳಿಗೆಯಿಲ್ಲ.

ನನಗೆ ಈ ಧೈರ್ಯ ಎಲ್ಲಿಂದ ಬಂತೆಂದು ಕೇಳಬೇಡಿ. ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಇಂಗ್ಲಿಷನ್ನು ತಿದ್ದಿ ಕೊಡುವವಳು. ತಪ್ಪು ಅವರದಾದರೂ "ಸಾರಿ, ಇಲ್ಲೊಂದು ಸಣ್ಣ ಬದಲಾವಣೆ" ಎಂದೇ ನನ್ನ ಮೇಲ್ ಶುರುವಾಗುತ್ತದೆ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಜಗಳವೆಂದರೆ ಬಾಗಿಲನ್ನು ಮಾಮೂಲಿಗಿಂತ ಮೆಲ್ಲಗೆ ಹಾಕಿಕೊಳ್ಳುವುದು. ಅಂಥ ಮನೆಯಿಂದ ಬಂದವಳು ನಾನು. ಆದರೆ ಒಂದು ದಿನ ಕ್ಯಾಂಟೀನಿನಲ್ಲಿ ಶ್ರೇಯಾ ಎಂಬ ನಮ್ಮ ಆಫೀಸಿನ ಹುಡುಗಿ ಗೆಳತಿಯರೊಂದಿಗೆ ಈ ಹಬ್ಬಕ್ಕೆ ಹೊರಟಿರುವುದನ್ನು ಹೇಳುತ್ತಾ, ನನ್ನತ್ತ ತಿರುಗಿ, ತುಂಬ ಪ್ರೀತಿಯಿಂದಲೇ ಅಂದಳು: "ನಿಮ್ಗೆ ಇದೆಲ್ಲ ಆಗಲ್ಲ ಬಿಡಿ ಮ್ಯಾಮ್. ನೀವು ತುಂಬಾ ಸಾಫ್ಟು."

ಬೈದಿದ್ದರೆ ಸುಮ್ಮನಿರುತ್ತಿದ್ದೆ. ಸಾಫ್ಟು ಅಂದಳು ನೋಡಿ. "ನಾನೂ ಬರ್ತೀನಿ" ಎಂದು ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು.

ಸಂಜೆ ಮನೆಗೆ ಬರುವ ಹೊತ್ತಿಗೆ ಧೈರ್ಯವೆಲ್ಲ ಇಳಿದು ಬರಿಯ ಅಸಿಡಿಟಿ ಉಳಿದಿತ್ತು. ಮೆಟ್ಟಿಲ ಬಳಿ ನಮ್ಮ ಮನೆಯೊಡತಿ ಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಕಾಡುಗೋಡಿ ಇನ್ನೂ ಹಳ್ಳಿಯಾಗಿದ್ದಾಗಲೇ ಸೊಸೆಯಾಗಿ ಬಂದವರು. ಮೆಟ್ರೊ ಕಂಬಗಳಾಚೆ ಈಗ ಅಪಾರ್ಟ್‌ಮೆಂಟು ಎದ್ದಿರುವಲ್ಲಿ ಅವರದು ಟೊಮೆಟೊ ಹೊಲವಿತ್ತಂತೆ. ಈಗ ಮೂರಂತಸ್ತಿನ ಮನೆ, ಹಿತ್ತಿಲಲ್ಲಿ ಉಳಿದ ಒಂದೇ ಎಮ್ಮೆ, ಮಹಡಿ ತುಂಬ ನಮ್ಮಂಥ ಬಾಡಿಗೆಯವರು. ನಾನೊಬ್ಬಳೇ ಇರುವುದರಿಂದ ಸಾರು ಉಳಿದರೂ ಸಿಟ್ಟು ಉಳಿದರೂ ನನಗೇ ತಂದು ಬಡಿಸುವುದು ಅವರ ಅಭ್ಯಾಸ. ಅವರಿಗೆ ವಿಷಯ ಹೇಳಿ, ಶ್ರೇಯಾ ಕಳಿಸಿದ್ದ ವೀಡಿಯೊ ತೋರಿಸಿದೆ. ಊಟದ ಪದಾರ್ಥವನ್ನು ಹೀಗೆ ತುಳಿಯುವುದೇ ಎಂದು ಅವರು ಬೈಯುತ್ತಾರೆ, ಅದನ್ನೇ ನೆಪ ಮಾಡಿಕೊಂಡು ತಪ್ಪಿಸಿಕೊಳ್ಳೋಣ ಎಂಬುದು ನನ್ನ ಒಳಲೆಕ್ಕ.

ಲಕ್ಷ್ಮಮ್ಮ ವೀಡಿಯೊವನ್ನು ಮತ್ತೆ ಮತ್ತೆ ನೋಡಿದರು. ಅವರೆಕಾಯಿ ಮಡಿಲಲ್ಲೇ ಉಳಿಯಿತು.

"ಒಂದ್ ಸರ್ತಿ ರೇಟ್ ಬಿದ್ದೋದಾಗ ನಾವೂ ರೋಡ್ಗೆ ಸುರಿದ್ವಿ ಕಣಮ್ಮ" ಅಂದರು. "ಪೇಪರ್ನೋರು ಬಂದು ಫೋಟೊ ತೆಕ್ಕೊಂಡು ಅಯ್ಯೋ ಪಾಪ ಅಂತ ಬರದ್ರು. ಈ ಊರ್ನೋರು ಸುರಿದ್ರೆ ಊರಬ್ಬ ಅಂತೆ! ಎಲಾ ಇವ್ರ! ನಾನೂ ಬತ್ತೀನಿ."

"ಅಕ್ಕ, ಅದು ಸ್ಪೇನು."

"ಎಲ್ಲಾದ್ರೂ ಇರ್ಲಿ. ಅಲ್ಲ, ನಿಂಗೆ ಎಸಿಯಕ್ಕೆ ಬತ್ತದಾ?"

ಬರುತ್ತಿರಲಿಲ್ಲ. ಅಲ್ಲಿಂದ ಶುರುವಾಯಿತು ನಮ್ಮ ಸಿದ್ಧತೆ.

ಮೊದಲ ತೊಡಕು ಬಟ್ಟೆಯದು. ಆ ಹಬ್ಬಕ್ಕೆ ಬಿಳಿ ಬಟ್ಟೆಯಾದರೆ ಚೆಂದ, ಕೆಂಪು ಎದ್ದು ಕಾಣುತ್ತದೆ ಎಂದು ಶ್ರೇಯಾ ಹೇಳಿದ್ದಳು. ಲಕ್ಷ್ಮಮ್ಮ ನೇರವಾಗಿ ಹೋಗಿ ಅಚ್ಚ ಬಿಳಿಯ ಸೀರೆಯೊಂದನ್ನು ತಂದು, ಹೇಗಿದೆ ನೋಡೋಣವೆಂದು ಮೈಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಒಳಗಿನಿಂದ ಬಂದ ಅವರ ಯಜಮಾನರು ಪಿಳ್ಳಪ್ಪನವರು ಬಾಗಿಲಲ್ಲೇ ಕಂಬವಾದರು.

"ಲೇ, ನಾನಿನ್ನೂ ಬದ್ಕಿವ್ನಿ ಕಣೇ!"

"ಗೊತ್ತು ಬುಡಿ. ಇದು ಟಮೋಟಕ್ಕೆ."

"ಯಾವ್ದುಕ್ಕಾದ್ರೂ ಇರ್ಲಿ, ನೋಡ್ದೋರು ನನ್ನ ಎಷ್ಟೊತ್ಗೆ ಎತ್ತಿದ್ರು ಅಂತ ಕೇಳ್ತಾರೆ!"

ಮರುದಿನ ಆ ಸೀರೆ ಯಾರಿಗೋ ದಾನವಾಗಿ ಹೋಯಿತು. ನಾವಿಬ್ಬರೂ ಹೋಪ್‌ ಫಾರ್ಮ್ ಸರ್ಕಲ್ಲಿನ ಆಟದ ಸಾಮಾನಿನ ಅಂಗಡಿಗೆ ಹೋದೆವು. ಬಿಳಿಯ ಕ್ರಿಕೆಟ್ ಪ್ಯಾಂಟು, ಬಿಳಿಯ ಅಂಗಿ. ಅದರಲ್ಲಿ ವೈಧವ್ಯದ ಸೋಂಕಿಲ್ಲ ಎಂದು ಪಿಳ್ಳಪ್ಪನವರೇ ಒಪ್ಪಿದ್ದರು. ಅಂಗಡಿಯವನು "ಮಗನ ಸೈಜ್ ಎಷ್ಟಮ್ಮ?" ಎಂದ.

"ಮಗಂಗಲ್ಲಪ್ಪ, ನಂಗೆ."

ಅವನು ಲಕ್ಷ್ಮಮ್ಮನವರ ಹಣೆಯ ಅಗಲವಾದ ಕುಂಕುಮವನ್ನೂ ಮುಡಿಯ ಕನಕಾಂಬರವನ್ನೂ ನೋಡಿದ. ವ್ಯಾಪಾರಸ್ಥ, ಸಾವರಿಸಿಕೊಂಡ. "ಬ್ಯಾಟಿಂಗಾ ಅಮ್ಮ, ಬೌಲಿಂಗಾ?"

"ಬರೀ ಬೌಲಿಂಗು" ಎಂದರು ಲಕ್ಷ್ಮಮ್ಮ.

ಜೊತೆಗೆ ಈಜುವವರು ಹಾಕಿಕೊಳ್ಳುವ ಕನ್ನಡಕಗಳನ್ನೂ ಕೊಂಡೆವು. ಕಣ್ಣಿಗೆ ಹುಳಿ ಬಿದ್ದರೆ ಉರಿಯುತ್ತದಲ್ಲ.

ಎರಡನೆಯದು ಅಭ್ಯಾಸದ ಸಾಮಗ್ರಿ. ಮೇ ತಿಂಗಳ ಒಂದು ಭಾನುವಾರ ಮಾರ್ಕೆಟ್ಟಿನಲ್ಲಿ ಲಕ್ಷ್ಮಮ್ಮ ಟೊಮೆಟೊ ಆರಿಸುತ್ತಿದ್ದ ರೀತಿಯನ್ನು ನೀವು ನೋಡಬೇಕಿತ್ತು. ಒಂದೊಂದನ್ನೇ ಒತ್ತಿ ನೋಡಿ, "ಇದು ಗಟ್ಟಿ ಐತೆ, ಬ್ಯಾಡ. ಕೊಳ್ತಿರೋದು ಕೊಡಪ್ಪ" ಎನ್ನುತ್ತಿದ್ದರು. ವ್ಯಾಪಾರಿ ತನ್ನ ಜನ್ಮದಲ್ಲಿ ಈ ಮಾತು ಕೇಳಿರಲಿಲ್ಲ. ಕೊಳೆತದ್ದನ್ನು ಅಡಿಯಲ್ಲಿ ಮರೆಮಾಡಿ ತೂಗುವ ಅವನ ವರ್ಷಗಳ ವಿದ್ಯೆಯೆಲ್ಲ ಒಂದು ಕ್ಷಣದಲ್ಲಿ ವ್ಯರ್ಥವಾಗಿತ್ತು. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಯಾವ್ ಹೋಟ್ಲಮ್ಮ ನಿಮ್ದು?" ಎಂದು ಕೇಳಿದ. ಹೇಳಿದ್ದರೆ ಅತ್ತ ಕಾಲಿಡುವುದನ್ನೇ ಬಿಡುತ್ತಿದ್ದನೋ ಏನೋ.

ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕು ನಮ್ಮ ಗುರಿ. ಶ್ರೇಯಾ ಮೊದಲೇ ಎಚ್ಚರಿಸಿದ್ದಳು: "ಮ್ಯಾಮ್, ಫಸ್ಟ್ ರೂಲು, ಹಿಸುಕಿ ಎಸೀಬೇಕು. ಗಟ್ಟಿಯಾಗಿದ್ರೆ ಪೆಟ್ಟಾಗುತ್ತೆ." ಲಕ್ಷ್ಮಮ್ಮ ಅಂಗೈಯಲ್ಲಿ ಒಮ್ಮೆ ಹಿಸುಕಿ, ಸೊಂಟ ತಿರುಗಿಸಿ ಎಸೆದರೆ ಟ್ಯಾಂಕಿನ ಹೊಟ್ಟೆಗೆ ಫಟ್ಟನೆ ಬೀಳುತ್ತಿತ್ತು. ರಾಗಿ ಹೊಲದಲ್ಲಿ ಗಿಳಿ ಓಡಿಸಿದ ಕೈಯದು. ನನ್ನ ಕಷ್ಟ ಬೇರೆ. ಕಾಲಿಗೆ ಅನ್ನದ ಅಗುಳು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ಮೊದಲ ಟೊಮೆಟೊವನ್ನು, ಎಸೆಯುವ ಮೊದಲು, ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡೆ. ಅದೂ ಹಿಸುಕಿದ ಮೇಲೆ. ಅರ್ಧ ಗಂಟೆ ಕಣ್ಣು ತೊಳೆಯಬೇಕಾಯಿತು. ಎರಡನೆಯದನ್ನು ಎಸೆಯುವಾಗ ನನಗರಿವಿಲ್ಲದೆ "ಸಾರಿ" ಅಂದೆ.

"ಒಡೆಯಕ್ ಮುಂಚೆ ಸಾರಿ ಅಂದ್ರೆ ಅವ್ನು ಬಗ್ಗಕಿಲ್ವಾ?" ಎಂದು ಲಕ್ಷ್ಮಮ್ಮ ತಲೆ ಚಚ್ಚಿಕೊಂಡರು.

"ಅದು ಟ್ಯಾಂಕು ಅಕ್ಕ."

"ಟ್ಯಾಂಕಿಗೇ ಸಾರಿ ಕೇಳೋಳು ಮನುಸ್ರಿಗೇನ್ ಎಸ್ದೀಯ! ಯಾರ್ ಮೇಲಾದ್ರೂ ಸಿಟ್ಟಿಲ್ವೇನಮ್ಮ ನಿಂಗೆ? ಅವ್ರನ್ನ ನೆನಸ್ಕೊ."

ನಾನು ನೆನೆಸಿಕೊಂಡೆ. ಯಾರನ್ನೆಂದು ಇಲ್ಲಿ ಬರೆಯುವುದಿಲ್ಲ, ನಾನಿನ್ನೂ ಅದೇ ಆಫೀಸಿನಲ್ಲಿದ್ದೇನೆ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಸೆದೆ. ಟ್ಯಾಂಕಿಗೆ ತಾಗಿದ ಸದ್ದು ಬರಲಿಲ್ಲ. ಪಕ್ಕದ ತಾರಸಿಯಿಂದ "ಅಯ್ಯಯ್ಯೋ!" ಎಂಬ ಕೂಗು ಬಂತು.

ಪಕ್ಕದ ಮನೆಯ ಕತೆಯನ್ನು ಇಲ್ಲಿ ಹೇಳಲೇಬೇಕು. ಅದು ಪಿಳ್ಳಪ್ಪನವರ ತಮ್ಮನ ಮನೆ. ಆ ತಮ್ಮನ ಹೆಂಡತಿ ಯಶೋದಮ್ಮ, ಅಂದರೆ ಲಕ್ಷ್ಮಮ್ಮನವರ ವಾರಗಿತ್ತಿ. ಒಂದೇ ಒಲೆಯಲ್ಲಿ ಬೇಯಿಸಿ, ಒಂದೇ ಹೊಲದಲ್ಲಿ ಟೊಮೆಟೊ ಬಿಡಿಸಿದವರು. ಆಸ್ತಿ ಪಾಲಾದಾಗ ನಡುವೆ ಕಾಂಪೌಂಡು ಗೋಡೆ ಎದ್ದಿತು. ಆಮೇಲೆ ಲಕ್ಷ್ಮಮ್ಮನವರಿಗೆ ಆಪರೇಷನ್ ಆದಾಗ ಯಶೋದಮ್ಮ ಆಸ್ಪತ್ರೆಗೆ ಬಂದು ನೋಡಲಿಲ್ಲವಂತೆ. ಅದಾದ ಮೇಲೆ ಯಶೋದಮ್ಮನ ಮಗಳ ಮದುವೆಗೆ ಮನೆಗೆ ಬಂದು ಕುಂಕುಮವಿಟ್ಟು ಕರೆಯದೆ, ಲಗ್ನಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳಿಸಿದರಂತೆ. ವಾಟ್ಸಾಪಿನಲ್ಲಿ! ಅಂದಿನಿಂದ ಮಾತಿಲ್ಲ. ಒಬ್ಬರು ತಾರಸಿಗೆ ಬಂದರೆ ಇನ್ನೊಬ್ಬರು ಇಳಿಯುತ್ತಿದ್ದರು. ನಾನು ಬಾಡಿಗೆಗೆ ಬಂದು ವರ್ಷಗಳಾಗಿದ್ದರೂ ಅವರಿಬ್ಬರ ದನಿ ಒಟ್ಟಿಗೆ ಕೇಳಿದ್ದೇ ಇರಲಿಲ್ಲ. ಈ ಮೌನವನ್ನು ನಾನು ಶಾಂತಿ ಎಂದುಕೊಂಡಿದ್ದೆ. ಎಷ್ಟು ಒಳ್ಳೆಯ ಜನ, ಜಗಳವೇ ಇಲ್ಲ ಎಂದುಕೊಂಡಿದ್ದೆ.

ಈಗ ಯಶೋದಮ್ಮ ತಮ್ಮ ತಾರಸಿಯಲ್ಲಿ, ಮೋಟುಗೋಡೆಯ ಮರೆಗೆ ಕೂತು ಬಿಳಿ ಪಂಚೆಯ ಮೇಲೆ ಅಕ್ಕಿ ಸಂಡಿಗೆ ಇಡುತ್ತಿದ್ದವರು, ಎದ್ದು ನಿಂತಿದ್ದರು. ಸಂಡಿಗೆಯ ನಟ್ಟನಡುವೆ ನನ್ನ ಟೊಮೆಟೊ ಬಾಂಬಿನಂತೆ ಸಿಡಿದಿತ್ತು. ಅವರ ಗಲ್ಲದಿಂದ ಕೆಂಪು ರಸ ಇಳಿಯುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಟ್ಯಾಂಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಹಾಗಾಗಿ ಯಶೋದಮ್ಮನಿಗೆ ಕಂಡದ್ದು ಒಬ್ಬರೇ: ಕ್ರಿಕೆಟ್ ಪ್ಯಾಂಟು ತೊಟ್ಟು, ಈಜುಗನ್ನಡಕ ಏರಿಸಿ, ಕೆಂಪಾದ ಕೈ ಇಳಿಬಿಟ್ಟು ನಿಂತಿದ್ದ ಅವರ ವಾರಗಿತ್ತಿ. ಇಬ್ಬರೂ ಒಂದು ಕ್ಷಣ ದಿಟ್ಟಿಸಿದರು. ಯಶೋದಮ್ಮ ಸಂಡಿಗೆಯನ್ನು ಪಂಚೆ ಸಮೇತ ಸುರುಳಿ ಸುತ್ತಿಕೊಂಡು ಇಳಿದು ಹೋದರು.

"ಅಕ್ಕ, ಎಸೆದಿದ್ದು ನಾನು ಅಂತ ಹೋಗಿ ಹೇಳ್ಬಿಡ್ಲಾ?" ಎಂದು ಪಿಸುಗುಟ್ಟಿದೆ.

"ಬ್ಯಾಡ ಸುಮ್ಕಿರು" ಎಂದರು ಲಕ್ಷ್ಮಮ್ಮ. ಅವರ ಮುಖದಲ್ಲಿ ನಾನೆಂದೂ ಕಾಣದ ಒಂದು ಕಾಂತಿಯಿತ್ತು. "ಒಳ್ಳೆ ಗುರಿ ಕಣಮ್ಮ. ನನ್ ಎಸ್ರಲ್ಲೇ ಇರ್ಲಿ."

ಮುಂದಿನ ಭಾನುವಾರ ನಾವು ಟ್ಯಾಂಕಿಗೆ ಎಸೆಯಲು ನಿಂತಿದ್ದಾಗ ಪಕ್ಕದಿಂದ ಒಂದು ಟೊಮೆಟೊ ಸೊಯ್ಯನೆ ಹಾರಿ ಬಂದು ಲಕ್ಷ್ಮಮ್ಮನವರ ಭುಜಕ್ಕೆ ಧಪ್ಪನೆ ಬಡಿಯಿತು. ಕಲ್ಲಿನಂಥ ಕಾಯಿ. ಒಡೆಯಲೂ ಇಲ್ಲ, ಪುಟಿದು ನನ್ನ ಕಾಲ ಬಳಿ ಬಿತ್ತು. ಪಕ್ಕದ ತಾರಸಿಯಲ್ಲಿ ಯಶೋದಮ್ಮ ಸೆರಗು ಸೊಂಟಕ್ಕೆ ಸಿಗಿಸಿ, ಕಾಲ ಬಳಿ ಬಕೆಟ್ಟು ಇಟ್ಟುಕೊಂಡು ನಿಂತಿದ್ದರು.

ಲಕ್ಷ್ಮಮ್ಮ ಭುಜ ಹಿಡಿದುಕೊಂಡು ಕೂಗಿದರು: "ಏಯ್! ಇಸುಕಿ ಎಸೀಬೇಕು! ಗಟ್ಟೀದು ಎಸಿಯಂಗಿಲ್ಲ! ರೂಲ್ಸ್ ಐತೆ!"

"ಯಾರ್ದು ರೂಲ್ಸು?"

"ಸ್ಪೇನ್ ದೇಸದ್ದು!"

ಅಷ್ಟು ವರ್ಷಗಳ ಮೇಲೆ ಆ ಇಬ್ಬರು ವಾರಗಿತ್ತಿಯರು ಆಡಿದ ಮೊದಲ ಮಾತು ಇದು. ಯಶೋದಮ್ಮ ಒಂದು ಗಳಿಗೆ ಯೋಚಿಸಿದರು. ಬಕೆಟ್ಟಿಗೆ ಕೈಹಾಕಿ, ಹಣ್ಣಾದದ್ದೊಂದನ್ನು ಹುಡುಕಿ ತೆಗೆದು, ಎಲ್ಲರಿಗೂ ಕಾಣುವಂತೆ ಕೈ ಮೇಲೆತ್ತಿ ನಿಧಾನವಾಗಿ ಹಿಸುಕಿದರು. ಆಮೇಲೆ ಎಸೆದರು. ಅದು ಬಂದು ಲಕ್ಷ್ಮಮ್ಮನವರ ಈಜುಗನ್ನಡಕದ ಎರಡು ಗಾಜುಗಳ ನಡುವೆ ಕೂತಿತು. ಅವರೂ ಅದೇ ರಾಗಿ ಹೊಲದಲ್ಲಿ ಗಿಳಿ ಓಡಿಸಿದವರೆಂಬುದು ನನಗೆ ಹೊಳೆದದ್ದು ಆಗ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಎರಡು ತಾರಸಿಗಳ ನಡುವೆ ಯುದ್ಧ. ಮಾತು ಮಾತ್ರ ಅಷ್ಟೇ. "ಗಟ್ಟಿ ಐತೆ!" "ಇಸುಕಿದ್ದೆ!" "ಇಲ್ಲ!" "ಅಂಪೈರ್ನ ಕೇಳು!" ಅಂಪೈರು ನಾನು. ಯಾರಿಗೂ ನೋವಾಗದ ತೀರ್ಪು ಕೊಡಲು ಹೋಗಿ ಇಬ್ಬರ ಕೈಯಲ್ಲೂ ಏಟು ತಿನ್ನುತ್ತಿದ್ದೆ. ಗಂಡಸರಿಬ್ಬರೂ ತಂತಮ್ಮ ಗೇಟಿನ ಬಳಿ ನಿಂತು ಕತ್ತೆತ್ತಿ ನೋಡುತ್ತಿದ್ದರು. ಸಂಜೆ ತಾರಸಿ ತೊಳೆಯುವ ಕೆಲಸ ಅವರದಾಗಿತ್ತು.

ಜುಲೈಯಲ್ಲಿ ವೀಸಾ. ಟಿಕೆಟ್ಟು ಮಾಡಿಕೊಡುವವನು ನಮಗೆ ಚೆನ್ನಾಗಿ ಪಾಠ ಹೇಳಿದ್ದ: "ಯಾರು ಕೇಳಿದ್ರೂ ಟೂರಿಸಂ ಅನ್ನಿ ಮೇಡಂ. ಟೊಮೆಟೊ ಅನ್ಬೇಡಿ." ನಾನು ಆ ದೇಶದ ಚರ್ಚುಗಳ, ಮ್ಯೂಸಿಯಮ್ಮುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿದ್ದೆ. ನನ್ನನ್ನು ಪ್ರಶ್ನೆ ಕೇಳಿದಾಗ ಎಲ್ಲವನ್ನೂ ಒಪ್ಪಿಸಿದೆ. ನಡುವೆ ಒಂದೆರಡು ಸಲ ಸಾರಿ ಎಂದೆನಂತೆ. ಪಕ್ಕದ ಕಿಟಕಿಯಲ್ಲಿ ಲಕ್ಷ್ಮಮ್ಮ.

"ಯಾಕೆ ಹೋಗ್ತಿದೀರ ಅಮ್ಮ?"

"ಟಮೋಟ ಎಸಿಯಕ್ಕೆ."

"ವಾಪಸ್ ಬರ್ತೀರಾ?"

"ಬರ್ದೇ? ಎಮ್ಮೆಗೆ ಯಾರ್ ಉಲ್ಲಾಕ್ತಾರೆ?"

ಲಕ್ಷ್ಮಮ್ಮನವರಿಗೆ ವೀಸಾ ಬಂತು. ನನಗೆ ಬರಲಿಲ್ಲ. ತಿರುಗಿ ಬರುವ ಉದ್ದೇಶ ಸ್ಪಷ್ಟವಾಗಿಲ್ಲ ಎಂಬುದು ಅವರು ಕೊಟ್ಟ ಕಾರಣ. ನೀವೇ ಹೇಳಿ! ಮೆಜೆಸ್ಟಿಕ್ಕಿಗೆ ಹೊರಟರೂ ಮೊದಲು ವಾಪಸ್ ಬಸ್ಸು ಯಾವುದೆಂದು ವಿಚಾರಿಸುವವಳು ನಾನು. ತಿರುಗಿ ಬರುವುದರ ಹೊರತಾಗಿ ನನಗೆ ಬೇರೆ ಉದ್ದೇಶವೇ ಇರಲಿಲ್ಲ.

ನಗುತ್ತಾ ಬರೆಯುತ್ತಿದ್ದೇನೆ, ಆದರೆ ಆ ವಾರ ನಾನು ಅತ್ತೆ. ಎಂದೂ ಬೇಕೆನಿಸದಿದ್ದ ಒಂದು ಹಬ್ಬ ತಪ್ಪಿಹೋದದ್ದಕ್ಕೆ ಹಾಗೆ ಅಳಬಹುದೆಂದು ನನಗೆ ಗೊತ್ತಿರಲಿಲ್ಲ. ಲಕ್ಷ್ಮಮ್ಮ ಬಂದು ಪಕ್ಕದಲ್ಲಿ ಕೂತರು. "ನೀನಿಲ್ದೆ ನಾನೂ ಓಗಕಿಲ್ಲ ಬುಡು" ಎಂದರು. ಆ ಕ್ರಿಕೆಟ್ ಬಟ್ಟೆಯನ್ನು ಅವರು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದ್ದನ್ನು ನೋಡಿ ನನ್ನ ಅಳು ನಿಂತಿತು. ನನ್ನದಾದರೂ ಹೋಗಲಿ, ಸಾಫ್ಟು ಎಂದದ್ದಕ್ಕೆ ಹುಟ್ಟಿದ ಹಟ. ಅವರದು ಹಾಗಲ್ಲ. ಒಮ್ಮೆ ಎದೆಯುರಿದುಕೊಂಡು ರಸ್ತೆಗೆ ಸುರಿದ ಹಣ್ಣನ್ನು ಒಮ್ಮೆಯಾದರೂ ನಗುತ್ತಾ ಎಸೆಯಬೇಕೆಂದು ಹೊರಟಿದ್ದರು.

ಪಿಳ್ಳಪ್ಪನವರು ಬಾಗಿಲ ಬಳಿ ನಿಂತು, ಯಾರಿಗೂ ಅಲ್ಲವೆಂಬಂತೆ ಗೋಡೆಗೆ ಹೇಳಿದರು: "ಆ ಮನೇವ್ಳತ್ರ ವೀಸಾ ಐತೆ. ಮಗಳ ಬಾಣಂತನಕ್ಕೆ ಜರ್ಮನಿಗೋಗಿ ಬಂದ್ಲಲ್ಲ. ಅದೇ ವೀಸಾ ಸ್ಪೇನ್ಗೂ ನಡೀತದಂತೆ."

ನಾನು ಆ ಸಂಜೆಯೇ ಪಕ್ಕದ ಮನೆಗೆ ಹೋದೆ. ಅಷ್ಟು ವರ್ಷಗಳಲ್ಲಿ ಅದು ಮೊದಲ ಸಲ. ಯಶೋದಮ್ಮ ಕಾಫಿ ಕೊಟ್ಟರು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, "ಅವ್ಳು ಕರೀಲಿ, ಬತ್ತೀನಿ" ಎಂದರು. ಲಕ್ಷ್ಮಮ್ಮನವರಿಗೆ ಬಂದು ಹೇಳಿದೆ. "ನಾನ್ ಓಗಿ ಕುಂಕುಮ ಇಟ್ಟು ಕರೀಬೇಕಾ? ನಂಗೆ ವಾಟ್ಸಾಪ್ ಕಳಿಸ್ದೋಳ್ನ?" ಎಂದರು. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣಲ್ಲಿ ಒಂದು ತುಂಟತನ ಮಿನುಗಿತು. ಮೊಬೈಲನ್ನು ನನ್ನ ಕೈಗೆ ತುರುಕಿ, "ಟೈಪ್ ಮಾಡು" ಎಂದರು. ಅವರು ಹೇಳುತ್ತಾ ಹೋದರು, ನಾನು ಲಗ್ನಪತ್ರಿಕೆಯ ಭಾಷೆಗೆ ತಿದ್ದುತ್ತಾ ಹೋದೆ. ಕೊನೆಗೆ ಸಿದ್ಧವಾದದ್ದು ಇದು:

"ದೇವತಾನುಗ್ರಹದಿಂದ ಮುಂದಿನ ತಿಂಗಳು ಸ್ಪೇನ್ ದೇಶದಲ್ಲಿ ಟಮೋಟ ಮಹೋತ್ಸವವು ಜರುಗಲಿದ್ದು, ತಾವು ತಪ್ಪದೆ ಆಗಮಿಸಿ, ಎಸೆದು, ಎಸೆಸಿಕೊಂಡು, ನಮ್ಮ ಆತಿಥ್ಯವನ್ನು ಸ್ವೀಕರಿಸಬೇಕಾಗಿ ವಿನಂತಿ. ತಮ್ಮ ಆಗಮನಾಭಿಲಾಷಿ, ಲಕ್ಷ್ಮಮ್ಮ."

ಕಳಿಸಿದೆವು. ಮೆಸೇಜಿನ ಕೆಳಗಿನ ಟಿಕ್ ಗುರುತು ನೀಲಿಯಾಯಿತು. ಇಬ್ಬರೂ ಮೊಬೈಲಿನ ಮೇಲೆ ಬಗ್ಗಿ ಕೂತೆವು. ಗೋಡೆಯಾಚೆ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಉತ್ತರ ಬಂತು, ಎರಡೇ ಪದ: "ಆಶೀರ್ವಾದವೇ ಉಡುಗೊರೆ."

ಹೀಗೆ, ಸಾಫ್ಟಲ್ಲ ಎಂದು ತೋರಿಸಲು ಹೊರಟ ನಾನು ಕಾಡುಗೋಡಿಯಲ್ಲೇ ಉಳಿದೆ. ಶ್ರೇಯಾ ಮತ್ತವಳ ಗೆಳತಿಯರ ಜೊತೆ ಲಕ್ಷ್ಮಮ್ಮ, ಯಶೋದಮ್ಮ ವಿಮಾನ ಹತ್ತಿದರು. ಎಮ್ಮೆಗೆ ಹುಲ್ಲು ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಹಬ್ಬದ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನ. ನಾನು ಆಫೀಸಿನ ಮೀಟಿಂಗಿನಲ್ಲಿ, ಮೇಜಿನಡಿ ಮೊಬೈಲು ಹಿಡಿದು ಕೂತಿದ್ದೆ. ಶ್ರೇಯಾ ಕಳಿಸಿದ ವೀಡಿಯೊ ಬಂತು. ಬೀದಿ ತುಂಬ ಕೆಂಪು, ಮೊಣಕಾಲಿನವರೆಗೆ ರಸ, ಸಾವಿರಾರು ಜನ. ಅದರ ನಡುವೆ ಎರಡು ಕ್ರಿಕೆಟ್ ಪ್ಯಾಂಟುಗಳು, ಯಶೋದಮ್ಮ ತೊಟ್ಟದ್ದು ನನ್ನದು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಇಷ್ಟು ದೂರ ಹೋಗಿ, ಜಗತ್ತಿನ ಮೂಲೆ ಮೂಲೆಯಿಂದ ಬಂದ ಅಷ್ಟೊಂದು ಜನರನ್ನು ಬಿಟ್ಟು, ಈ ಇಬ್ಬರೂ ಒಬ್ಬರಿಗೊಬ್ಬರೇ ಎಸೆದುಕೊಳ್ಳುತ್ತಿದ್ದರು! ನಡುವೆ ಬಂದ ಬಿಳಿಯ ಹುಡುಗನೊಬ್ಬ ನಗುತ್ತಾ ಯಶೋದಮ್ಮನಿಗೆ ಒಂದು ಎಸೆದ. ತಕ್ಷಣ ಇಬ್ಬರೂ ಕೂಡಿ ಅವನನ್ನು ಗೋಡೆಗೊತ್ತಿ ಬಾರಿಸಿ ಕಳಿಸಿದರು. ಮತ್ತೆ ತಮ್ಮತಮ್ಮಲ್ಲೇ ಶುರು. ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಬಾಯಿ ಮಾತ್ರ ಆಡುತ್ತಿತ್ತು. ಏನು ಮಾತಾಡುತ್ತಿದ್ದರೆಂಬುದು ನನಗೆ ಗೊತ್ತಾದದ್ದು ಅವರು ಬಂದ ಮೇಲೆ, ಲಕ್ಷ್ಮಮ್ಮನವರ ಬಾಯಲ್ಲೇ.

"ಒಂದೊಂದಕ್ಕೂ ಏಳಿ ಏಳಿ ಎಸುದ್ವಿ ಕಣಮ್ಮ" ಎಂದರು. "ಇದು ಗೋಡೆ ಕಟ್ಟಿದ್ದಕ್ಕೆ. ಇದು ವಾಟ್ಸಾಪ್ಗೆ. ಅವ್ಳೂ ಏನ್ ಕಮ್ಮಿ ಇಲ್ಲ, ಇದು ನಮ್ಮತ್ತೆ ಮುಂದೆ ಚಾಡಿ ಏಳಿದ್ದಕ್ಕೆ, ಇದು ನನ್ ಸಂಡಿಗೆಗೆ. ಕೊನೀಗೆ ನಾನೊಂದ್ ದೊಡ್ಡುದ್ ತಕ್ಕೊಂಡು, ಇದು ಆಸ್ಪತ್ರೇಗೆ ಬರ್ದೇ ಇದ್ದಿದ್ದಕ್ಕೆ ಅಂದೆ. ಅವ್ಳು ಅಂಗೇ ನಿಂತ್ಬುಟ್ಲು. ಬಂದಿದ್ದೆ ಕಣಕ್ಕ, ಅಂದ್ಲು. ನೀನ್ ಮಲ್ಗಿದ್ದೆ. ಎಬ್ಬಿಸ್ಬ್ಯಾಡಿ ಅಂದ್ರು ನರ್ಸಮ್ಮ. ಆಮೇಲೆ ನೀನೂ ಕೇಳ್ಲಿಲ್ಲ, ನಾನೂ ಏಳ್ಲಿಲ್ಲ, ಅಂದ್ಲು."

ಲಕ್ಷ್ಮಮ್ಮ ಬಳೆಗಳನ್ನು ಮೇಲೆ ಸರಿಸಿಕೊಂಡು ಮುಂದುವರಿಸಿದರು.

"ದೂರೆಲ್ಲ ಮುಗುದೋಯ್ತು. ಟಮೋಟ ಇನ್ನೂ ಬೇಜಾನ್ ಬಿದ್ದಿತ್ತು. ನನ್ ಕೈ ಮೇಲೇಳ್ಲಿಲ್ಲ. ಕಣ್ಣೆಲ್ಲ ಮಂಜಾಗಿ ನಿಂತಿವ್ನಿ, ಆ ಲೌಡಿ ಫಟ್ ಅಂತ ನನ್ ಮಕಕ್ಕೇ ಬಿಟ್ಲು! ಇದ್ಯಾತಕ್ಕೇ? ಅಂದೆ. ಸುಮ್ಕೆ, ಅಂದ್ಲು."

"ಸುಮ್ಕೆ?"

"ಸುಮ್ಕೆ ಅಂತೆ! ಆಮೇಲೆ ಢಂ ಅನ್ನೋಗಂಟ ಸುಮ್ಕೇ ಎಸುದ್ವಿ ನೋಡು" ಎಂದು ಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹುಡುಗಿಯಂತೆ, ಮೈ ಕುಲುಕಿಸಿ ನಕ್ಕರು.

ಇಲ್ಲಿಗೆ ನಿಲ್ಲಿಸಿದ್ದರೆ, ಗೋಡೆ ಒಡೆದು ಒಂದಾದರು ಎಂದು ನೀವು ಊಹಿಸಿಕೊಂಡು ಸಂತೋಷಪಡುತ್ತಿದ್ದಿರಿ. ಆದರೆ ಗೋಡೆ ಇದೆ. ಮೊನ್ನೆ ಅದಕ್ಕೆ ಹೊಸ ಬಣ್ಣವನ್ನೂ ಹೊಡೆಸಿದರು, ಅವರ ಕಡೆ ಹಸಿರು, ನಮ್ಮ ಕಡೆ ಗುಲಾಬಿ. ಇವತ್ತು ಮಾರ್ಕೆಟ್ಟಿನಿಂದ ಬಂದು ಕಾಲು ತೊಳೆಯುತ್ತಿದ್ದಾಗ ಆ ಗೋಡೆಯ ಎರಡೂ ಬದಿಯಿಂದ ಜೋರು ದನಿ ಕೇಳಿಸುತ್ತಿತ್ತು. ನುಗ್ಗೆಮರ ಆಚೆ ಇದೆ, ಕೊಂಬೆ ಈಚೆ ಬಾಗಿದೆ, ಕಾಯಿ ಯಾರದು ಎಂಬ ಜಗಳ. ನನ್ನನ್ನು ಕಂಡದ್ದೇ ಲಕ್ಷ್ಮಮ್ಮ, "ಬಾಮ್ಮ ಇಲ್ಲಿ. ನೀನೇ ಏಳು, ತಪ್ಪು ಯಾರ್ದು?" ಎಂದರು.

ಮೊದಲಾಗಿದ್ದರೆ ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಒಳಗೆ ಹೋಗಿ ಬಾಗಿಲು ಮೆಲ್ಲಗೆ ಹಾಕಿಕೊಳ್ಳುತ್ತಿದ್ದೆ. "ಇಬ್ಬರದೂ" ಎಂದೆ. "ಅವರು ಕೊಂಬೆ ಕಡಿಸ್ಲಿಲ್ಲ, ನೀವು ಕೇಳದೆ ಕಿತ್ಕೊಂಡ್ರಿ."

ಗೋಡೆಯ ಮೇಲೆ ಯಶೋದಮ್ಮನ ತಲೆ ಎದ್ದಿತು. "ನೋಡಕ್ಕ, ಬಾಡ್ಗೆಗಿರೋಳು ನಮ್ ಮರದ್ ಮಾತು ಆಡ್ತಾಳೆ!"

"ಅದೇ ಕಣೇ! ನಮ್ಮನೆ ನುಗ್ಗೇಕಾಯಿಗೆ ಇವ್ಳ್ಯಾರು ತೀರ್ಪು ಏಳಕ್ಕೆ?" ಎಂದರು ಲಕ್ಷ್ಮಮ್ಮ.

"ನೀವೇ ಕರೆದು ಕೇಳಿದ್ದು ಕಣ್ರೀ!" ಎಂದು ನಾನೂ ದನಿ ಏರಿಸಿದೆ. ಏರಿಸಿದ ದನಿ ನನ್ನದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಗಿಸಿ, ಗೋಡೆಯ ಹತ್ತಿರಕ್ಕೇ ಹೋಗಿ ನಿಂತೆ. ಇವತ್ತು ಮಧ್ಯಾಹ್ನದ ಅಡುಗೆ ತುಂಬ ತಡವಾಯಿತು.